ಕಾರ್ಡ್ ಇರುವಲ್ಲೇ ಮೆಮೊರಿ: ಎರಡು ಸಾಕೆಟ್‌ಗಳ ಸರ್ವರ್‌ನಲ್ಲಿ ಸಾಧನದ ವಿಳಂಬ ತಗ್ಗಿಸುವ ಬಗೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿ ಇಟ್ಟ ವ್ಯಾಪಾರಿ ತನ್ನ ಸರಕನ್ನೆಲ್ಲ ಧಾರವಾಡದ ಗೋದಾಮಿನಲ್ಲಿ ತುಂಬಿಟ್ಟರೆ, ಗಿರಾಕಿ ಕೇಳಿದ ಪ್ರತಿ ಸಾಮಾನಿಗೂ ಸುಮಾರು 20 ಕಿಲೋಮೀಟರ್ ಹೋಗಿಬರಬೇಕಾಗುತ್ತದೆ. ಚಿಗರಿ ಬಸ್ಸುಗಳಿಗಾಗಿ ರಸ್ತೆ ಅಗಲವಾದ ಮೇಲೆ ಒಂದೇ ಹೊತ್ತಿಗೆ ಹೆಚ್ಚು ಜನ ಓಡಾಡುವಂತಾಯಿತೇ ಹೊರತು ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಅಂತರ ಒಂದು ಗೇಣೂ ಕಡಿಮೆಯಾಗಲಿಲ್ಲ. ಎರಡು ಸಾಕೆಟ್‌ಗಳ, ಅಂದರೆ ಎರಡು ಪ್ರೊಸೆಸರ್‌ಗಳನ್ನು ಕೂರಿಸಿದ ಸರ್ವರ್‌ನ ಸ್ಥಿತಿಯೂ ಹೀಗೆಯೇ ಇದೆ. ಪ್ರತಿ ಪ್ರೊಸೆಸರ್‌ಗೆ ತನ್ನದೇ ಮೆಮೊರಿ ಇರುತ್ತದೆ. ಇನ್ನೊಂದರ ಮೆಮೊರಿಯನ್ನು ಮುಟ್ಟಬೇಕಾದರೆ ಅವೆರಡನ್ನು ಕೂಡಿಸುವ ಕೊಂಡಿಯನ್ನು ದಾಟಬೇಕು. ಕೊಂಡಿ ಎಷ್ಟೇ ಅಗಲವಾಗಿದ್ದರೂ ದಾಟುವ ಹೊತ್ತು ತಪ್ಪುವುದಿಲ್ಲ. ಇಂಥ ರಚನೆಗೆ ನ್ಯೂಮಾ (ನಾನ್-ಯೂನಿಫಾರ್ಮ್ ಮೆಮೊರಿ ಆಕ್ಸೆಸ್) ಎಂದೂ, ಪ್ರೊಸೆಸರ್ ಮತ್ತು ಅದರ ಸ್ವಂತ ಮೆಮೊರಿ ಸೇರಿದ ಘಟಕಕ್ಕೆ ನೋಡ್ ಎಂದೂ ಹೆಸರು.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಗೋಕುಲ ರಸ್ತೆಯ ಒಂದು ಚಿಕ್ಕ ಕಚೇರಿಯಲ್ಲಿ, ನೆಟ್‌ವರ್ಕ್‌ನ ಪ್ಯಾಕೆಟ್‌ಗಳನ್ನು ಎಣಿಸಿ ವಿಂಗಡಿಸುವ ಕೆಲಸಕ್ಕೆಂದು ಸೆಕೆಂಡ್ ಹ್ಯಾಂಡ್ ಆದ ಎರಡು ಸಾಕೆಟ್‌ಗಳ ಸರ್ವರ್ ಒಂದನ್ನು ಕೊಂಡು ನಿಲ್ಲಿಸಿದ್ದೆ. ಪ್ರೊಸೆಸರ್‌ಗಳು ಅರ್ಧಕ್ಕರ್ಧ ಖಾಲಿ ಕುಳಿತಿದ್ದರೂ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದವು. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಡ್ರೈವರ್ ಬದಲಿಸಿದೆ. ಕಡೆಗೆ ಮುಚ್ಚಳ ತೆಗೆದು ನೋಡಿದಾಗ ಮೆಮೊರಿ ಪಟ್ಟಿಗಳೆಲ್ಲ ಮೊದಲ ಪ್ರೊಸೆಸರ್‌ನ ಬದಿಯಲ್ಲಿದ್ದವು, ನೆಟ್‌ವರ್ಕ್ ಕಾರ್ಡ್ ಮಾತ್ರ ಎರಡನೆಯದರ ಸ್ಲಾಟ್‌ನಲ್ಲಿತ್ತು. ಅಲ್ಲಿ ಕಾರ್ಡನ್ನು ಕೂರಿಸಿದವನು ನಾನೇ. ಕೈಗೆ ಸುಲಭವಾಗಿ ಸಿಕ್ಕ ಸ್ಲಾಟ್ ಅದಾಗಿತ್ತು.

ವಿಳಂಬದ ಲೆಕ್ಕ ಹೀಗಿದೆ. ಈಚಿನ ಎರಡು ಸಾಕೆಟ್‌ಗಳ ಯಂತ್ರಗಳಲ್ಲಿ ತನ್ನ ನೋಡ್‌ನ ಮೆಮೊರಿಯಿಂದ ಓದಲು ಸಾಮಾನ್ಯವಾಗಿ 80ರಿಂದ 100 ನ್ಯಾನೊಸೆಕೆಂಡ್ ಬೇಕಾದರೆ, ಆಚೆಯ ನೋಡ್‌ನಿಂದ ಓದಲು 130ರಿಂದ 150 ಬೇಕಾಗುತ್ತದೆ. ಐವತ್ತು ನ್ಯಾನೊಸೆಕೆಂಡ್ ಯಾವ ಲೆಕ್ಕ ಎನ್ನಿಸಬಹುದು. ಆದರೆ 10 ಗಿಗಾಬಿಟ್ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ 1.488 ಕೋಟಿಯವರೆಗೆ ಬರಬಲ್ಲವು, ಅಂದರೆ ಒಂದೊಂದಕ್ಕೆ ಸಿಗುವ ಕಾಲ ಸುಮಾರು 67 ನ್ಯಾನೊಸೆಕೆಂಡ್ ಮಾತ್ರ. ಒಂದು ಸಲ ಆಚೆ ಹೋಗಿಬರಲು ಹಿಡಿಯುವ ಆ ಹೆಚ್ಚುವರಿ ಐವತ್ತೇ ಅದರ ಮುಕ್ಕಾಲು ಪಾಲಿಗೆ ಸಮ. ವೇಗದ ಫ್ಲಾಶ್ ಡಿಸ್ಕಾದ ಎನ್‌ವಿಎಂಇಯ ಮಾತು ಬೇರೆ. ಫ್ಲಾಶ್‌ನಿಂದ ಒಂದು ಓದು ಮುಗಿಯಲು ಹತ್ತಾರು ಮೈಕ್ರೊಸೆಕೆಂಡ್ ಹಿಡಿಯುವುದರಿಂದ ಅಲ್ಲಿ ಈ ವ್ಯತ್ಯಾಸ ಅನೇಕ ವೇಳೆ ಗಮನಕ್ಕೇ ಬರುವುದಿಲ್ಲ. ಆದ್ದರಿಂದ ಮೊದಲು ನೆಟ್‌ವರ್ಕ್ ಕಾರ್ಡ್ ಮತ್ತು ಜಿಪಿಯುಗಳನ್ನು ಸರಿಮಾಡಿ, ಡಿಸ್ಕನ್ನು ಆಮೇಲೆ ನೋಡಿಕೊಳ್ಳಿ ಎಂಬುದು ನನ್ನ ಸಲಹೆ.

ಕೆಲಸ ಶುರುವಾಗಬೇಕಾದದ್ದು ಕಾರ್ಡ್‌ನಿಂದ. ಪ್ರೋಗ್ರಾಮನ್ನು ಯಾವ ನೋಡ್‌ಗಾದರೂ ಸರಿಸಬಹುದು, ಮೆಮೊರಿಯನ್ನು ಎಲ್ಲಿಂದಲಾದರೂ ಪಡೆಯಬಹುದು, ಕಾರ್ಡ್ ಮಾತ್ರ ಸ್ಲಾಟ್‌ಗೆ ಕಟ್ಟುಬಿದ್ದಿರುತ್ತದೆ. ಇಂಟೆಲ್‌ನ ಸರ್ವರ್ ಪ್ರೊಸೆಸರ್‌ಗಳಲ್ಲಿ 2012ರ ಜಿಯಾನ್ ಇ5 ಕಾಲದಿಂದ ಕಾರ್ಡ್‌ಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳು ನೇರವಾಗಿ ಪ್ರೊಸೆಸರ್‌ನಿಂದಲೇ ಹೊರಡುವುದರಿಂದ, ಪ್ರತಿ ಸ್ಲಾಟೂ ಯಾವುದೋ ಒಂದು ಸಾಕೆಟ್‌ನ ಸ್ವತ್ತು. ಯಾವ ಸ್ಲಾಟ್ ಯಾವ ಸಾಕೆಟ್‌ನದೆಂಬುದು ಮದರ್‌ಬೋರ್ಡ್ ಕೈಪಿಡಿಯ ಚಿತ್ರದಲ್ಲಿರುತ್ತದೆ. ಯಂತ್ರ ಚಾಲೂ ಇರುವಾಗ ಸಾಧನಗಳ ವಿವರವನ್ನು ಕಡತಗಳಾಗಿ ತೋರಿಸುವ ಲಿನಕ್ಸ್‌ನ ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ಕೋಶದೊಳಗಿರುವ ‘ನ್ಯೂಮಾ ನೋಡ್’ ಎಂಬ ಕಡತವನ್ನು ಓದಿದರೆ ನೋಡ್‌ನ ಸಂಖ್ಯೆಯೂ, ಪಕ್ಕದ ‘ಲೋಕಲ್ ಸಿಪಿಯು ಲಿಸ್ಟ್’ ಕಡತದಲ್ಲಿ ಆ ಸಾಧನಕ್ಕೆ ಹತ್ತಿರದ ಸಿಪಿಯುಗಳ ಪಟ್ಟಿಯೂ ಸಿಗುತ್ತವೆ. (ಕಡತ ಮತ್ತು ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.) ಎನ್‌ವಿಡಿಯಾ ಜಿಪಿಯು ಇದ್ದರೆ ಎನ್‌ವಿಡಿಯಾ-ಎಸ್‌ಎಂಐ ಆಜ್ಞೆಯ ‘ಟೋಪೊ’ ಆಯ್ಕೆ ಇದೇ ಮಾಹಿತಿಯನ್ನು ಕೋಷ್ಟಕವಾಗಿ ತೋರಿಸುತ್ತದೆ.

ಆ ಕಡತದಲ್ಲಿ ಕೆಲವೊಮ್ಮೆ ಮೈನಸ್ 1 ಎಂದಿರುತ್ತದೆ. ಸಾಧನ ಯಾವ ನೋಡ್‌ನದೆಂದು ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳಿಲ್ಲ ಎಂದು ಅದರ ಅರ್ಥ. ಆಗ ಆ ಫರ್ಮ್‌ವೇರ್‌ನ, ಅಂದರೆ ಬಯಾಸ್‌ನ, ಸೆಟ್ಟಿಂಗ್‌ಗಳಲ್ಲಿ ‘ನೋಡ್ ಇಂಟರ್‌ಲೀವಿಂಗ್’ ಎಂಬ ಆಯ್ಕೆ ಚಾಲೂ ಇದೆಯೇ ಎಂದು ಮೊದಲು ನೋಡಬೇಕು. ಅದು ಚಾಲೂ ಇದ್ದರೆ ಇಡೀ ಮೆಮೊರಿ ಎರಡೂ ಸಾಕೆಟ್‌ಗಳಲ್ಲಿ ಹೆಣೆದುಕೊಂಡು, ಕಾರ್ಯಾಚರಣೆ ವ್ಯವಸ್ಥೆಗೆ ಒಂದೇ ನೋಡ್‌ನಂತೆ ಕಾಣುತ್ತದೆ, ಮತ್ತು ಮುಂದಿನ ಯಾವ ಹೆಜ್ಜೆಗೂ ಅರ್ಥವಿರುವುದಿಲ್ಲ. ಅದು ಬಂದ್ ಇದ್ದೂ ಮೈನಸ್ 1 ಬರುತ್ತಿದ್ದರೆ ಬಯಾಸ್ ಅನ್ನು ಹೊಸದಾಗಿಸುವುದೇ ಸರಿಯಾದ ದಾರಿ. ಸರಿಯಾದ ಸಂಖ್ಯೆಯನ್ನು ಕಡತಕ್ಕೆ ಕೈಯಿಂದಲೇ ಬರೆಯಲು ಕರ್ನಲ್ ಬಿಡುತ್ತದೆ, ಆದರೆ ಫರ್ಮ್‌ವೇರ್ ದೋಷವನ್ನು ತೇಪೆ ಹಾಕಿ ಮುಚ್ಚಲಾಗಿದೆ ಎಂದು ತನ್ನ ಮೇಲೊಂದು ಗುರುತನ್ನೂ ಹಾಕಿಕೊಳ್ಳುತ್ತದೆ.

ಮುಂದೆ ಮೆಮೊರಿಯ ಸರದಿ. ನ್ಯೂಮಾ-ಸಿಟಿಎಲ್ ಆಜ್ಞೆಗೆ ‘ಹಾರ್ಡ್‌ವೇರ್’ ಆಯ್ಕೆ ಕೊಟ್ಟರೆ ನೋಡ್‌ಗಳು, ಅವುಗಳ ಸಿಪಿಯುಗಳು, ಒಟ್ಟು ಮತ್ತು ಖಾಲಿ ಮೆಮೊರಿ, ಕೊನೆಯಲ್ಲಿ ದೂರದ ಕೋಷ್ಟಕ ಕಾಣುತ್ತವೆ. ಯಾವುದಾದರೂ ನೋಡ್‌ನ ಗಾತ್ರ 0 ಎಂದಿದ್ದರೆ ಅಥವಾ ನಿರೀಕ್ಷಿಸಿದ ನೋಡ್ ಕಾಣದೇ ಇದ್ದರೆ, ನನ್ನ ಯಂತ್ರದಲ್ಲಾದಂತೆ ಮೆಮೊರಿ ಪಟ್ಟಿಗಳು ಒಂದೇ ಬದಿಗೆ ಕೂತಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ, ಪಟ್ಟಿಗಳನ್ನು ಎರಡೂ ಬದಿಗೆ ಸಮನಾಗಿ ಹಂಚಿ ಕೂರಿಸಬೇಕು. ದೂರದ ಕೋಷ್ಟಕದಲ್ಲಿ ತನ್ನ ನೋಡ್‌ಗೆ 10, ಆಚೆಯದಕ್ಕೆ 20 ಅಥವಾ 21 ಎಂದಿರುವುದು ಸಾಮಾನ್ಯ. ಇದು ಫರ್ಮ್‌ವೇರ್ ಬರೆದಿಟ್ಟ ಸಾಪೇಕ್ಷ ಅಂಕಿ, ಅಳತೆ ಮಾಡಿದ್ದಲ್ಲ. 21 ಎಂದಿದ್ದ ಮಾತ್ರಕ್ಕೆ ವಿಳಂಬ ಎರಡು ಪಟ್ಟು ಎಂದು ಲೆಕ್ಕ ಹಾಕಬಾರದು. ನಿಜವಾದ ಅಳತೆ ಬೇಕಿದ್ದರೆ ಇಂಟೆಲ್‌ನ ಮೆಮೊರಿ ಲೇಟೆನ್ಸಿ ಚೆಕರ್‌ನಂಥ ತಂತ್ರಾಂಶವನ್ನು ಓಡಿಸಿ ನೋಡಬೇಕು.

ಇಲ್ಲಿಯವರೆಗಿನದು ಪರಿಶೀಲನೆ. ಹಂಚಿಕೆಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ನಿಯಮ, ಮೊದಲು ಮುಟ್ಟಿದವರ ಬದಿಗೆ ಪುಟ ಎಂಬುದು. ಕರ್ನಲ್ ಮೆಮೊರಿಯನ್ನು ಹಂಚುವ ಚಿಕ್ಕ ತುಂಡಿಗೆ ಪುಟ ಎಂದು ಹೆಸರು. ಪ್ರೋಗ್ರಾಮ್ ಮೆಮೊರಿ ಕೇಳಿದಾಗ ಕರ್ನಲ್ ಕೊಡುವುದು ಬರೀ ವಿಳಾಸವನ್ನು. ಆ ವಿಳಾಸಕ್ಕೆ ಮೊದಲ ಸಲ ಬರೆದಾಗಷ್ಟೇ ನಿಜವಾದ ಪುಟ ಸಿಗುತ್ತದೆ, ಅದೂ ಬರೆದ ಥ್ರೆಡ್ (ಪ್ರೋಗ್ರಾಮ್‌ನೊಳಗೆ ಓಡುವ ಕೆಲಸದ ಒಂದು ಎಳೆ) ಆ ಕ್ಷಣ ಯಾವ ನೋಡ್‌ನಲ್ಲಿ ಓಡುತ್ತಿತ್ತೋ ಆ ನೋಡ್‌ನಿಂದ. ಮುಖ್ಯ ಥ್ರೆಡ್ ಆರಂಭದಲ್ಲೇ ಎಲ್ಲ ಬಫರ್‌ಗಳಿಗೂ (ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿಗೆ) ಸೊನ್ನೆ ತುಂಬಿ, ಆಮೇಲೆ ಕೆಲಸಗಾರ ಥ್ರೆಡ್‌ಗಳನ್ನು ಹುಟ್ಟಿಸುವ ಪ್ರೋಗ್ರಾಮ್‌ಗಳು ಎಷ್ಟೋ ಇವೆ. ಅವುಗಳಲ್ಲಿ ಥ್ರೆಡ್‌ಗಳು ಎರಡೂ ನೋಡ್‌ಗಳಲ್ಲಿ ಹರಡಿಕೊಂಡರೂ ಸರಕೆಲ್ಲ ಒಂದೇ ಗೋದಾಮಿನಲ್ಲಿ ಉಳಿಯುತ್ತದೆ. ಪ್ರತಿ ಥ್ರೆಡ್ಡನ್ನೂ ಮೊದಲು ತನ್ನ ಸಿಪಿಯುಗೆ ಕಟ್ಟಿ, ನಂತರ ತನ್ನ ಬಫರನ್ನು ತಾನೇ ಮುಟ್ಟುವಂತೆ ಬರೆದರೆ ಬೇರೆ ಯಾವ ಉಪಾಯವೂ ಇಲ್ಲದೆ ಅರ್ಧ ಕೆಲಸ ಆಗಿಹೋಗುತ್ತದೆ.

ಮೂಲ ಪ್ರೋಗ್ರಾಮನ್ನು ತಿದ್ದಲು ಆಗದಿದ್ದರೆ ನ್ಯೂಮಾ-ಸಿಟಿಎಲ್ ಮೂಲಕವೇ ಅದನ್ನು ಹೊರಡಿಸಬೇಕು: ‘ಸಿಪಿಯು-ನೋಡ್-ಬೈಂಡ್’ ಆಯ್ಕೆ ಥ್ರೆಡ್‌ಗಳನ್ನು ಕಾರ್ಡ್ ಇರುವ ನೋಡ್‌ಗೆ ಕಟ್ಟುತ್ತದೆ, ‘ಮೆಮ್-ಬೈಂಡ್’ ಮೆಮೊರಿಯನ್ನು ಕಟ್ಟುತ್ತದೆ. ಈ ಎರಡನೆಯದನ್ನು ಯೋಚಿಸಿ ಬಳಸಬೇಕು, ಏಕೆಂದರೆ ಕಟ್ಟಿದ ನೋಡ್ ತುಂಬಿಹೋದರೆ ಪಕ್ಕದ ನೋಡ್‌ನಲ್ಲಿ ಗಿಗಾಬೈಟ್‌ಗಟ್ಟಲೆ ಜಾಗ ಖಾಲಿ ಇದ್ದರೂ ಕರ್ನಲ್ ಅತ್ತ ಹೋಗದೆ ಪ್ರೋಗ್ರಾಮನ್ನೇ ಕೊಂದುಹಾಕಬಹುದು. ಅದಕ್ಕೇ ನಾನು ಬಹುತೇಕ ಕಡೆ ‘ಪ್ರಿಫರ್ಡ್’ ಆಯ್ಕೆಯನ್ನೇ ಬಳಸುತ್ತೇನೆ. ಜಾಗವಿರುವವರೆಗೆ ತನ್ನ ನೋಡ್, ಇಲ್ಲದಾಗ ಇನ್ನೊಂದು. ಸರ್ವರ್ ಮರುಚಾಲನೆಯಾದ ಮೇಲೂ ಇದು ಉಳಿಯಬೇಕಾದರೆ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಯ ಘಟಕದ ಕಡತದಲ್ಲಿ ಸಿಪಿಯು ಅಫಿನಿಟಿ, ನ್ಯೂಮಾ ಪಾಲಿಸಿ ಮತ್ತು ನ್ಯೂಮಾ ಮಾಸ್ಕ್ ಸಾಲುಗಳನ್ನು ಬರೆದಿಡಬೇಕು. ಸಾಮಾನ್ಯಕ್ಕಿಂತ ದೊಡ್ಡ ಗಾತ್ರದ ಪುಟಗಳನ್ನು (ಹ್ಯೂಜ್ ಪೇಜ್) ಬಳಸುವವರು ಅವುಗಳ ಸಂಖ್ಯೆಯನ್ನು ನೋಡ್‌ವಾರು ಬರೆಯುವುದು ಒಳ್ಳೆಯದು. ಒಟ್ಟು ಸಂಖ್ಯೆಯನ್ನಷ್ಟೇ ಕೊಟ್ಟರೆ ಕರ್ನಲ್ ಅದನ್ನು ಎರಡೂ ನೋಡ್‌ಗಳಿಗೆ ಹಂಚಿಬಿಡುತ್ತದೆ, ಬೇಕಾದ ಬದಿಯಲ್ಲಿ ಅರ್ಧವೇ ಸಿಗುತ್ತದೆ.

ಪ್ರೋಗ್ರಾಮನ್ನು ಕಟ್ಟಿ ಇಂಟರಪ್ಟ್‌ಗಳನ್ನು (ಸಾಧನ ಸಿಪಿಯುವನ್ನು ಕೂಗಿ ಕರೆಯುವ ಸಂಕೇತಗಳನ್ನು) ಹಾಗೇ ಬಿಟ್ಟರೆ ಶ್ರಮ ವ್ಯರ್ಥ. ಪ್ಯಾಕೆಟ್ ಬಂತೆಂದು ಕಾರ್ಡ್ ಕೂಗಿದಾಗ ಓಗೊಡುವ ಸಿಪಿಯುವೇ ಹೊಸ ಬಫರ್‌ಗಳನ್ನೂ ತುಂಬಿಕೊಡುವುದರಿಂದ, ಅದು ಆಚೆಯ ನೋಡ್‌ನದಾದರೆ ಬಫರ್‌ಗಳೂ ಆಚೆಯ ನೋಡ್‌ನಿಂದಲೇ ಬರುವ ಸಂಭವವಿದೆ. ಪ್ರೊಕ್ ಕಡತವ್ಯವಸ್ಥೆಯ ‘ಇಂಟರಪ್ಟ್ಸ್’ ಪಟ್ಟಿಯಲ್ಲಿ ಕಾರ್ಡ್‌ನ ಸಾಲುಗಳನ್ನು ಹುಡುಕಿ, ಪ್ರತಿಯೊಂದರ ‘ಎಸ್‌ಎಂಪಿ ಅಫಿನಿಟಿ ಲಿಸ್ಟ್’ ಕಡತಕ್ಕೆ ಹತ್ತಿರದ ಸಿಪಿಯುಗಳ ಸಂಖ್ಯೆಗಳನ್ನೇ ಬರೆಯಬೇಕು. ಐಆರ್‌ಕ್ಯೂ-ಬ್ಯಾಲೆನ್ಸ್ ಎಂಬ ಸೇವೆ ಓಡುತ್ತಿದ್ದರೆ ನೀವು ಬರೆದದ್ದನ್ನು ಅದು ಅಳಿಸಿಹಾಕಬಹುದು. ಅದನ್ನು ನಿಲ್ಲಿಸಿ ಅಥವಾ ಈ ಇಂಟರಪ್ಟ್‌ಗಳನ್ನು ಮುಟ್ಟದಂತೆ ಅದಕ್ಕೆ ಹೇಳಿ. ಈಥ್‌ಟೂಲ್ ಆಜ್ಞೆಯಿಂದ ಕಾರ್ಡ್‌ನ ಕ್ಯೂಗಳ (ಪ್ಯಾಕೆಟ್‌ಗಳ ಸರದಿಸಾಲುಗಳ) ಸಂಖ್ಯೆಯನ್ನು ಒಂದು ನೋಡ್‌ನ ಸಿಪಿಯುಗಳಿಗೆ ಸರಿಹೊಂದುವಷ್ಟಕ್ಕೆ ಇಳಿಸುವುದೂ ಉಚಿತ. ಎನ್‌ವಿಎಂಇಯಂಥ ಕೆಲವು ಸಾಧನಗಳ ಇಂಟರಪ್ಟ್‌ಗಳನ್ನು ಕರ್ನಲ್ ತಾನೇ ನಿರ್ವಹಿಸುತ್ತದೆ. ಅಲ್ಲಿ ಬರೆಯಲು ಹೋದರೆ ದೋಷಸಂದೇಶ ಬರುತ್ತದೆ, ಅದು ನಿಮ್ಮ ತಪ್ಪಲ್ಲ.

ಡ್ರೈವರ್ ಬರೆಯುವವರಿಗೆ ಒಂದೆರಡು ಮಾತು. ಕರ್ನಲ್‌ನೊಳಗೆ ಮೆಮೊರಿ ಪಡೆಯುವ ಕೆ-ಮ್ಯಾಲಕ್ ಅನ್ನಷ್ಟೇ ಕರೆದರೆ ಆ ಕ್ಷಣ ಕೋಡ್ ಓಡುತ್ತಿರುವ ಸಿಪಿಯುವಿನ ನೋಡ್‌ನಿಂದ ಮೆಮೊರಿ ಬರುತ್ತದೆ, ಸಾಧನದ ನೋಡ್‌ನಿಂದಲ್ಲ. ಸಾಧನವನ್ನು ಮೊದಲು ಗುರುತಿಸಿ ಸಿದ್ಧಗೊಳಿಸುವ ಪಿಸಿಐ ಡ್ರೈವರ್‌ನ ಪ್ರೋಬ್ ಕಾರ್ಯವನ್ನು ಲಿನಕ್ಸ್ ಸಾಧ್ಯವಾದಲ್ಲಿ ಸಾಧನದ ನೋಡ್‌ನಲ್ಲೇ ಓಡಿಸುವುದರಿಂದ ಅಲ್ಲಿ ಪಡೆದ ಮೆಮೊರಿ ಸರಿಯಾಗಿರುತ್ತದೆ, ಹಾಗಾಗಿ ದೋಷ ಕಣ್ಣಿಗೆ ಬೀಳುವುದಿಲ್ಲ. ಆದರೆ ಇಂಟರ್ಫೇಸ್ ತೆರೆಯುವಾಗ ಅಥವಾ ರಿಂಗ್‌ನ (ಕಾರ್ಡ್ ಮತ್ತು ಡ್ರೈವರ್ ಹಂಚಿಕೊಳ್ಳುವ ಬಫರ್‌ಗಳ ಸಾಲಿನ) ಗಾತ್ರ ಬದಲಿಸುವಾಗ ಕೋಡ್ ಓಡುವುದು ನಿರ್ವಾಹಕನ ಆಜ್ಞೆ ಯಾವ ಸಿಪಿಯುವಿನಲ್ಲಿತ್ತೋ ಅಲ್ಲಿ. ಒಂದು ದಿನ ವೇಗ, ಮರುದಿನ ನಿಧಾನ ಎಂಬ ದೂರಿನ ಹಿಂದೆ ಹೀಗೆ ದಿಕ್ಕುತಪ್ಪಿದ ಹಂಚಿಕೆ ಇರಬಹುದು. ಡೆವ್-ಟು-ನೋಡ್ ಕರೆದು ಸಂಖ್ಯೆ ಪಡೆದು, ಅದನ್ನು ಕೆ-ಮ್ಯಾಲಕ್-ನೋಡ್‌ಗೆ ಕೊಡುವುದು ಪರಿಹಾರ. ಡೆವ್-ಎಂ ಬಗೆಯ ಕರೆಗಳೂ ಸಾಧನ ನೇರವಾಗಿ ಓದಿ ಬರೆಯುವ ಮೆಮೊರಿಗಾಗಿ ಇರುವ ಡಿಎಂಎ ಕೊಹೆರೆಂಟ್ ಹಂಚಿಕೆಯೂ ಸಾಧನದ ನೋಡನ್ನು ತಾವೇ ಗಮನಿಸುತ್ತವೆ. ಮೈನಸ್ 1 ಇಲ್ಲಿಯೂ ಬರಬಹುದು. ಹಂಚಿಕೆಯ ಕರೆಗಳು ಅದನ್ನು ಸಹಿಸುತ್ತವೆ, ಆದರೆ ನಿಮ್ಮ ಅರೇಗೆ ಸೂಚ್ಯಂಕವಾಗಿ ಅದನ್ನು ಬಳಸಿದರೆ ಕರ್ನಲ್ ಕುಸಿಯಬಹುದು.

ಎಲ್ಲ ಮಾಡಿದ ಮೇಲೆ ನ್ಯೂಮಾ-ಸ್ಟ್ಯಾಟ್ ಆಜ್ಞೆಗೆ ಪ್ರೋಗ್ರಾಮ್‌ನ ಪ್ರಕ್ರಿಯೆ ಸಂಖ್ಯೆ ಕೊಟ್ಟು, ಅದರ ಮೆಮೊರಿ ಯಾವ ನೋಡ್‌ನಲ್ಲಿ ಎಷ್ಟಿದೆ ಎಂದು ನೋಡಬೇಕು. ಬರೀ ನ್ಯೂಮಾ-ಸ್ಟ್ಯಾಟ್ ಓಡಿಸಿದಾಗ ಕಾಣುವ ‘ನ್ಯೂಮಾ ಮಿಸ್’ ಮತ್ತು ‘ಅದರ್ ನೋಡ್’ ಅಂಕಿಗಳು ಯಂತ್ರ ಚಾಲೂ ಆದಾಗಿನಿಂದ ಕೂಡಿಬಂದ ಮೊತ್ತ. ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಓದಿ ವ್ಯತ್ಯಾಸವನ್ನು ತೆಗೆದುಕೊಂಡರೆ ಮಾತ್ರ ಅವು ಏನನ್ನಾದರೂ ಹೇಳುತ್ತವೆ. ಎಲ್ಲವನ್ನೂ ಕೈಯಿಂದ ಕಟ್ಟಿದ ಯಂತ್ರದಲ್ಲಿ ಪುಟಗಳನ್ನು ಬಳಸುವವರ ಹತ್ತಿರಕ್ಕೆ ತಾನೇ ಸರಿಸುವ ಕರ್ನಲ್‌ನ ‘ನ್ಯೂಮಾ ಬ್ಯಾಲೆನ್ಸಿಂಗ್’ ಅನ್ನು ನಾನು ಬಂದ್ ಮಾಡಿಡುತ್ತೇನೆ, ಏಕೆಂದರೆ ಪುಟಗಳನ್ನು ಯಾರು ಮುಟ್ಟುತ್ತಾರೆಂದು ತಿಳಿಯಲು ಅದು ಬೇಕೆಂದೇ ಪೇಜ್ ಫಾಲ್ಟ್‌ಗಳನ್ನು (ಪ್ರೋಗ್ರಾಮನ್ನು ತಡೆದು ಕರ್ನಲ್‌ನತ್ತ ತಿರುಗಿಸುವ ಘಟನೆಗಳನ್ನು) ಉಂಟುಮಾಡುತ್ತದೆ, ಆ ಖರ್ಚು ವಿಳಂಬದ ಲೆಕ್ಕಕ್ಕೇ ಬಂದು ಸೇರುತ್ತದೆ. ಬಗೆಬಗೆಯ ಕೆಲಸಗಳು ಕಟ್ಟಿಲ್ಲದೆ ಓಡುವ ಸರ್ವರ್‌ನಲ್ಲಿ ಅದು ಚಾಲೂ ಇರಲಿ.

ಒಂದೇ ಸಾಕೆಟ್ ಇರುವವರೂ ಒಮ್ಮೆ ನೋಡ್‌ಗಳ ಸಂಖ್ಯೆ ನೋಡಿಕೊಳ್ಳುವುದು ಮೇಲು. ಎಎಂಡಿ ಎಪಿಕ್‌ನಲ್ಲಿ ಬಯಾಸ್‌ನ ಎನ್‌ಪಿಎಸ್ (ಒಂದು ಸಾಕೆಟ್‌ಗೆ ಎಷ್ಟು ನೋಡ್ ಎಂಬ) ಆಯ್ಕೆ 4 ಆಗಿದ್ದರೆ ಒಂದೇ ಸಾಕೆಟ್ ನಾಲ್ಕು ನೋಡ್‌ಗಳಾಗಿ ಕಾಣುತ್ತದೆ. ಇಂಟೆಲ್‌ನಲ್ಲಿ ಸಬ್-ನ್ಯೂಮಾ ಕ್ಲಸ್ಟರಿಂಗ್ ಇಂಥದೇ ಕೆಲಸ ಮಾಡುತ್ತದೆ. ನನ್ನ ಯಂತ್ರದಲ್ಲಿ ಕಡೆಗೆ ಮಾಡಿದ್ದು ಇಷ್ಟೇ: ಅರ್ಧದಷ್ಟು ಮೆಮೊರಿ ಪಟ್ಟಿಗಳನ್ನು ಎರಡನೆಯ ಬದಿಗೆ ಸರಿಸಿ, ಎಣಿಸುವ ಪ್ರೋಗ್ರಾಮನ್ನೂ ಇಂಟರಪ್ಟ್‌ಗಳನ್ನೂ ಕಾರ್ಡ್‌ನ ನೋಡ್‌ಗೆ ಕಟ್ಟಿ, ಡೇಟಾಬೇಸನ್ನು ಮೊದಲ ನೋಡ್‌ಗೆ ಬಿಟ್ಟೆ. ಹೊಸ ಕೇಬಲ್ ಮತ್ತು ಸ್ವಿಚ್‌ನ ಬಿಲ್ ಮಾತ್ರ ಇನ್ನೂ ಕಚೇರಿಯ ಕಪಾಟಿನಲ್ಲಿದೆ.