ಸುರಂಗದ ಪದಗಳು ಮತ್ತು ನನ್ನ ಚಪ್ಪಲಿ ಡಬ್ಬ

ಎಂ.ಎ. ಮೂರನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿಗೆ ವಿಷಯ ಕೊಡಿ ಎಂದಾಗ ನಾನು ಬರೆದುಕೊಟ್ಟದ್ದು 'ಕಾಸರಗೋಡಿನ ಜಾನಪದ ಸಂಸ್ಕೃತಿ'. ಸರ್ ಓದಿ ನಕ್ಕರು. "ಇದನ್ನು ಮುಗಿಸಲಿಕ್ಕೆ ನಿನಗೆ ಎಷ್ಟು ಜನ್ಮ ಬೇಕು?" ಎಂದರು. ಎರಡನೇ ಸಲ 'ಕಾಸರಗೋಡಿನ ನೀರು' ಎಂದು ಬರೆದೆ. ಅದಕ್ಕೂ ತಲೆ ಅಲ್ಲಾಡಿಸಿದರು. ಕೊನೆಗೆ ಅವರೇ ಕೇಳಿದರು, "ನಿಮ್ಮ ಮನೆಗೆ ನೀರು ಎಲ್ಲಿಂದ ಬರ್ತದೆ?"

"ಸುರಂಗದಿಂದ ಸರ್."

"ಮತ್ತೆಂತ? ಅದನ್ನೇ ಮಾಡು. ಸುರಂಗ ತೋಡುವವರು ಮಾತಿನಲ್ಲಿ ಬಳಸುವ ಪದಗಳನ್ನು ಸೇರಿಸು. ಅಷ್ಟು ಸಾಕು."

ಹುಟ್ಟಿದಾಗಿನಿಂದ ಕುಡಿಯುತ್ತಿದ್ದ ನೀರು ಸಂಶೋಧನೆ ಆಗಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಸುರಂಗ ನೋಡದವರಿಗೆ ಎರಡು ಮಾತು: ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡೆ, ಇಳಿಜಾರು ನೆಲ. ಬಿದ್ದ ನೀರು ಬೇಗ ಸಮುದ್ರ ಸೇರುತ್ತದೆ, ಸ್ವಲ್ಪ ಮಾತ್ರ ಗುಡ್ಡೆಯ ಹೊಟ್ಟೆಯಲ್ಲಿ ಉಳಿಯುತ್ತದೆ. ಆ ನೀರನ್ನು ಹುಡುಕಿಕೊಂಡು ಗುಡ್ಡೆಯ ಬದಿಯಿಂದ ಅಡ್ಡಕ್ಕೆ ತೋಡಿಕೊಂಡು ಹೋಗುವುದೇ ಸುರಂಗ. ಒಬ್ಬ ಮನುಷ್ಯ ನುಸುಳುವಷ್ಟು ಅಗಲ. ನೆಲವನ್ನು ಬಾಯಿಯ ಕಡೆಗೆ ತುಸು ಇಳಿಜಾರು ಮಾಡಿರುತ್ತಾರೆ, ಹಾಗಾಗಿ ನೀರು ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪೈವಳಿಕೆ, ಎಣ್ಮಕಜೆ, ಶೇಣಿ ಕಡೆ ಇದು ಜಾಸ್ತಿ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಐವತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿಕೊಂಡೆ. 'ಸುರಂಗ ತೋಡಲು ಬಳಸುವ ಸಾಧನಗಳ ಹೆಸರೇನು?' ಇಂಥವು. ಪೆರ್ಲ ಬಸ್ಸು ಹತ್ತಿ, ಇಳಿದು ಒಂದು ಗುಡ್ಡೆ ಹತ್ತಿ, ವಯಸ್ಸಾದ ಒಬ್ಬ ಅಜ್ಜನ ಮನೆಯ ಚಾವಡಿಯಲ್ಲಿ ಕುಳಿತೆ. ಅವರು ಐವತ್ತು ವರ್ಷ ಸುರಂಗ ತೋಡಿದವರು. ಪಟ್ಟಿ ತೆಗೆದು ಓದಿದೆ. ಅಜ್ಜ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ, "ಪಿಕ್ಕಾಸು, ಬುಟ್ಟಿ. ಮತ್ತೆಂತ ಉಂಟು ಅದರಲ್ಲಿ?" ನಾನು ಆ ಎರಡು ಪದ ಬರೆದುಕೊಂಡು, ಬೆಲ್ಲ ನೀರು ಕುಡಿದು ವಾಪಸು ಬಂದೆ. ಇನ್ನೂ ಎರಡು ಮನೆಗಳಲ್ಲೂ ಅಷ್ಟೇ. ಒಬ್ಬರಂತೂ, "ಸುರಂಗ ತೋಡಿದ ಅಡ್ಯನಡ್ಕದ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಹತ್ತಿರವೇ ಕೇಳಿ" ಎಂದು ಕಳಿಸಿಬಿಟ್ಟರು. ಅಡ್ಯನಡ್ಕ ಗಡಿಯಾಚೆ ದಕ್ಷಿಣ ಕನ್ನಡದಲ್ಲಿದೆ. ನನ್ನ ಪ್ರಾಜೆಕ್ಟು ಗಡಿಯ ಈಚೆ.

ಪದ ಸಿಕ್ಕಿದ್ದು ಕೇಳುವುದನ್ನು ಬಿಟ್ಟ ದಿನ. ಅದೇ ಅಜ್ಜನ ತೋಟದ ಸುರಂಗದಲ್ಲಿ ಮಣ್ಣು ಕುಸಿದಿತ್ತು. ತೆಗೆಯಲಿಕ್ಕೆ ಅವರು ಮಗನನ್ನು ಕರೆದುಕೊಂಡು ಹೊರಟಿದ್ದರು. ನಾನೂ ಹಿಂದೆ ಹೋದೆ. ಒಳಗೆ ಮೊಣಕಾಲಿನವರೆಗೆ ತಣ್ಣಗಿನ ನೀರು, ತಲೆಯ ಮೇಲೆ ಬಾವಲಿ. ಅಜ್ಜ ಮುಂದೆ ಮೇಣದ ಬತ್ತಿ ಹಿಡಿದುಕೊಂಡಿದ್ದರು. ನನ್ನ ಮೊಬೈಲಿನ ಟಾರ್ಚ್ ನೋಡಿ, "ಅದು ಬೆಳಕು ಮಾತ್ರ ಕೊಡ್ತದೆ ಮಗಳೇ. ಬತ್ತಿ ಗಾಳಿ ಉಂಟಾ ಇಲ್ವಾ ಅಂತ ಹೇಳ್ತದೆ. ಬತ್ತಿ ಮಂಕಾದರೆ ತಿರುಗಿ ನೋಡದೆ ಹೊರಗೆ ಓಡಬೇಕು" ಎಂದರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಗೋಡೆ ಮುಟ್ಟಿ ಇದು ಮುರಕಲ್ಲು, ಇದು ಶೇಡಿ ಎಂಬ ಮೆತ್ತನೆಯ ಬಿಳಿ ಮಣ್ಣು, ಶೇಡಿ ಸಿಕ್ಕಿದರೆ ಜಾಗ್ರತೆ ಅಂದರು. ಇಲ್ಲಿ ಒರತೆ ಒಡೆಯಿತು, ಅಲ್ಲಿ ಹಿಂದೆ ಅಡಿಕೆ ಮರದ ದಂಬೆ ಇಟ್ಟು ನೀರು ಹರಿಸುತ್ತಿದ್ದೆವು, ಈಗ ಪೈಪು. ಗುಡ್ಡೆಯ ಮೇಲೆ ಹುತ್ತ ಎಲ್ಲಿದೆ, ಬೇಸಿಗೆಯಲ್ಲೂ ಹಸಿರಾಗಿರುವ ಮರ ಯಾವುದು ಎಂದು ನೋಡಿಯೇ ಬಾಯಿ ಎಲ್ಲಿ ಇಡಬೇಕೆಂದು ಗೊತ್ತುಮಾಡುತ್ತಿದ್ದರಂತೆ. ಎರಡು ಗಂಟೆಯಲ್ಲಿ ಮೂವತ್ತೇಳು ಪದ. ಪ್ರಶ್ನೆ ಪಟ್ಟಿ ಚೀಲದಲ್ಲೇ ಒದ್ದೆಯಾಯಿತು.

ಒದ್ದೆಯಾದದ್ದು ಪಟ್ಟಿ ಮಾತ್ರ ಆಗಿದ್ದರೆ ಚೆನ್ನಾಗಿತ್ತು. ಮೊಬೈಲ್ ಕೂಡ ನೀರಿಗೆ ಬಿತ್ತು. ಅಕ್ಕಿಯಲ್ಲಿ ಹೂತಿಟ್ಟು ನೋಡಿದೆ, ರಿಪೇರಿ ಅಂಗಡಿಗೂ ಕೊಟ್ಟೆ. ರೆಕಾರ್ಡಿಂಗ್ ಹೋಯಿತು. ಉಳಿದದ್ದು ಆ ರಾತ್ರಿಯೇ ನೆನಪಿನಿಂದ ಬರೆದಿಟ್ಟದ್ದು ಮಾತ್ರ, ಇಪ್ಪತ್ತೊಂಬತ್ತು ಪದ. ಎಂಟು ಪದಕ್ಕಾಗಿ ಇನ್ನೊಮ್ಮೆ ಗುಡ್ಡೆ ಹತ್ತಬೇಕಾಯಿತು. ಅಲ್ಲಿಂದ ಮುಂದೆ ಎರಡು ನಿಯಮ ಇಟ್ಟುಕೊಂಡೆ. ಮನೆಗೆ ಬಂದ ಕೂಡಲೇ, ಕಾಲು ತೊಳೆಯುವ ಮೊದಲೇ ಬೇಕಾದರೂ, ಬರೆಯುವುದು. ರೆಕಾರ್ಡಿಂಗನ್ನು ಅದೇ ರಾತ್ರಿ ಗೆಳತಿಯ ಲ್ಯಾಪ್‌ಟಾಪಿಗೆ ಹಾಕುವುದು.

ಬರೆಯುವುದಕ್ಕೆ ಚೀಟಿ ಬಳಸಿದೆ. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ತುಂಡು ಮಾಡಿ, ಒಂದು ಚೀಟಿಗೆ ಒಂದೇ ಪದ. ಮೇಲೆ ಪದ, ಕೆಳಗೆ ಅದು ಬಂದ ಇಡೀ ವಾಕ್ಯ, ಮೂಲೆಯಲ್ಲಿ ಊರು, ದಿನಾಂಕ, ಹೇಳಿದವರ ಗುರುತಿನ ಅಕ್ಷರ. ಇಡಲಿಕ್ಕೆ ಚಪ್ಪಲಿಯ ರಟ್ಟಿನ ಡಬ್ಬ. ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಅಂತ ಎಲ್ಲರೂ ಹೇಳಿದರು. ಆದರೆ ನೆಲದ ಮೇಲೆ ಹರಡಿಕೊಂಡು ಒಂದು ಚೀಟಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಸುಖ ಬೇರೆ. 'ಕೋಲು' ಎಂಬ ಅಳತೆಗೆ ನನ್ನ ಹತ್ತಿರ ಐದು ಚೀಟಿ ಆದವು. ಇಬ್ಬರು ಎರಡೂವರೆ ಅಡಿ ಎಂದಿದ್ದರು. ಒಬ್ಬರು ತಾವು ಇಟ್ಟುಕೊಂಡಿದ್ದ ಕೋಲನ್ನೇ ತೋರಿಸಿ "ಇದು" ಎಂದಿದ್ದರು! ಹೀಗೆ ಹರಡಿದಾಗಲೇ ಗೊತ್ತಾದದ್ದು, ಕೂಲಿಯ ಲೆಕ್ಕ ಮಾತನಾಡುವಾಗ ಎಲ್ಲರೂ ಕೋಲು ಎನ್ನುತ್ತಿದ್ದರು. ಸುಮ್ನೆ ಉದ್ದ ಹೇಳುವಾಗ ಅಡಿ ಎನ್ನುತ್ತಿದ್ದರು. ಈ ಒಂದು ವಿಷಯ ನನ್ನ ಪ್ರಬಂಧದ ಅತಿ ಒಳ್ಳೆಯ ಪುಟ ಅಂತ ಈಗಲೂ ಅನಿಸುತ್ತದೆ.

ಭಾಷೆಯ ಗೋಜಲು ಬೇರೆ. ನಮ್ಮಲ್ಲಿ ಪದ ಒಂದೇ ಭಾಷೆಯಲ್ಲಿ ಕೂರುವುದಿಲ್ಲ. ಅಜ್ಜ ಮಗನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಫೋನಿನಲ್ಲಿ ಪಂಚಾಯತಿನವರ ಹತ್ತಿರ ಮಲಯಾಳ. ತೆಂಕಕ್ಕೆ ಹೋದರೆ ಸುರಂಗವೇ 'ತುರಂಗಂ' ಆಗುತ್ತದೆ, ಕೆಲವರಿಗೆ 'ತೊರಪ್ಪು'. ಹಾಗಾಗಿ ಲೈಬ್ರರಿಯಲ್ಲಿ ಮೂರು ನಿಘಂಟು ಒಟ್ಟಿಗೆ ಬಿಡಿಸಿಟ್ಟು ಕೂರುತ್ತಿದ್ದೆ: 1872ರ ಗುಂಡರ್ಟರ ಮಲಯಾಳ ನಿಘಂಟು, 1886ರ ಮೆನ್ನರರ ತುಳು ನಿಘಂಟು, 1894ರ ಕಿಟೆಲರ ಕನ್ನಡ ನಿಘಂಟು. ಮೂವರೂ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು. ಒಂದು ಪದ ಯಾವ ಭಾಷೆಯದ್ದು ಎಂದು ತೀರ್ಮಾನ ಕೊಡುವ ಚಪಲ ನನಗಿತ್ತು. ಸರ್ ಬಿಡಲಿಲ್ಲ. "ಯಾರು, ಎಲ್ಲಿ, ಯಾವ ಮಾತಿನ ನಡುವೆ ಹೇಳಿದರು, ಅಷ್ಟು ಬರೆ. ಜಾತಕ ಬರೆಯಬೇಡ." ಇರಾನಿನ ಕನಾತ್ ಎಂಬ ನೆಲದಡಿಯ ಕಾಲುವೆಗಳಿಗೂ ನಮ್ಮ ಸುರಂಗಕ್ಕೂ ನಂಟು ಉಂಟೆಂದು ಹದಿನಾಲ್ಕು ಪುಟ ಬರೆದಿದ್ದೆ. ಅದನ್ನೂ ಪೂರ್ತಿ ತೆಗೆಸಿದರು. ಎರಡು ದಿನ ಸಿಟ್ಟು ಬಂದಿತ್ತು. ಆ ಹದಿನಾಲ್ಕು ಪುಟದಲ್ಲಿ ನಾನು ಕಣ್ಣಾರೆ ನೋಡಿದ್ದು ಒಂದೂ ಇರಲಿಲ್ಲ, ನಿಜ.

ಫೀಲ್ಡ್‌ವರ್ಕಿಗೆ ದಿನ ಹೊಂದಿಸಿದ್ದು ಹೇಗೆ ಅಂತ ಜೂನಿಯರ್‌ಗಳು ಕೇಳುತ್ತಾರೆ. ಕಾಲೇಜಿನಲ್ಲಿ ಸ್ಟ್ರೈಕ್ ಆದ ದಿನವೆಲ್ಲ ನನಗೆ ಫೀಲ್ಡ್‌ವರ್ಕ್. ಹತ್ತು ಗಂಟೆಗೆ ಘೋಷಣೆ ಕೇಳಿದರೆ ಹತ್ತೂವರೆಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದೆ. ಹರತಾಳದ ದಿನ ಮಾತ್ರ ಏನೂ ಆಗದು, ಬಸ್ಸೇ ಇರುವುದಿಲ್ಲ. ಖಾಸಗಿ ಬಸ್ಸಿನಲ್ಲಿ ಕನ್ಸೆಶನ್ ಕಾರ್ಡು ತೋರಿಸಿದರೆ ಕಂಡಕ್ಟರನ ಮುಖ ಹೇಗಿರುತ್ತದೆ ಅಂತ ಇಲ್ಲಿಯ ಮಕ್ಕಳಿಗೆ ಹೇಳಬೇಕಾಗಿಲ್ಲ.

ಟೈಪಿಂಗ್‌ನಲ್ಲಿ ಆದ ಪಾಡು ಚಿಕ್ಕದಾಗಿ ಹೇಳುತ್ತೇನೆ. ಮೊದಲ ಅಧ್ಯಾಯವನ್ನು ಡಿಟಿಪಿ ಅಂಗಡಿಯಲ್ಲಿ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದೆ. ಉಳಿದದ್ದನ್ನು ನಾನೇ ಯುನಿಕೋಡಿನಲ್ಲಿ ಮಾಡಿದೆ. ಎರಡನ್ನು ಸೇರಿಸಿದಾಗ ಮೊದಲ ಅಧ್ಯಾಯ ಪೂರ್ತಿ ಇಂಗ್ಲಿಷ್ ಅಕ್ಷರಗಳ ಕಸ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವೊತ್ತು ಅಲ್ಲಲ್ಲಿ ಎಗರಿಹೋಯಿತು. ಶುರುವಿನಿಂದಲೇ ಯುನಿಕೋಡ್ ಬಳಸಿ. ಮೊಬೈಲಿಗೆ ಮಾತು ಕೇಳಿಸಿ ಟೈಪ್ ಮಾಡಿಸುವ ಆಸೆಯೂ ಇತ್ತು. ಅದು ಅಜ್ಜನ 'ದಂಬೆ'ಯನ್ನು ಪ್ರತಿ ಸಲ 'ದಂಡೆ' ಎಂದೇ ಬರೆಯಿತು. ಕೊನೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನಾನೇ ಕೂತು ಬರೆದೆ. ಒಂದು ಗಂಟೆಯ ಮಾತಿಗೆ ಆರು ಗಂಟೆ ಬೇಕಾಯಿತು.

ವೈವಾ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಗಿನಿಂದ ಬಂದ ಟೀಚರ್ ಕೇಳಿದ್ದು ಒಂದೇ ಕಷ್ಟದ ಪ್ರಶ್ನೆ, "ಹೆಂಗಸರ ಹತ್ತಿರ ಯಾಕೆ ಕೇಳಲಿಲ್ಲ? ನೀರು ಹೊತ್ತವರು ಅವರಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಡಬ್ಬದಲ್ಲಿದ್ದ 212 ಚೀಟಿಗಳಲ್ಲಿ ಹೆಂಗಸರು ಹೇಳಿದ್ದು ಏಳು. ಅದರಲ್ಲಿ ನಾಲ್ಕು ಅಮ್ಮನದ್ದು.

ಬೈಂಡ್ ಮಾಡಿದ ಒಂದು ಪ್ರತಿಯನ್ನು ಅಜ್ಜನಿಗೆ ಕೊಡಲಿಕ್ಕೆ ಹೋದೆ. ಅಜ್ಜ ಮೊಮ್ಮಗಳನ್ನು ಕರೆದು ಓದು ಎಂದರು. ಅವಳು ಪುಟ ತಿರುವಿ ನನ್ನ ಮುಖ ನೋಡಿದಳು. ಇಂಗ್ಲಿಷ್ ಮೀಡಿಯಂ, ಎರಡನೇ ಭಾಷೆ ಮಲಯಾಳ. ಕನ್ನಡ ಮಾತನಾಡುತ್ತಾಳೆ, ಓದಲು ಬಾರದು. ಹಾಗಾಗಿ ನಾನೇ ಓದಿದೆ. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮೂರನೇ ಪದಕ್ಕೆ ಕೈ ಎತ್ತಿ ನಿಲ್ಲಿಸಿದರು.

"ಅದು ನಾನು ಹೇಳಿದ್ದಲ್ಲ. ಆಚೆಮನೆಯವ ಹೇಳಿದ್ದು. ಆವತ್ತು ಅವನೂ ಇಲ್ಲೇ ಕೂತಿದ್ದ."

ರಾತ್ರಿ ಮನೆಗೆ ಬಂದು ಡಬ್ಬ ತೆಗೆದು ನೋಡಿದೆ. ಚೀಟಿಯ ಮೂಲೆಯಲ್ಲಿ ಅಜ್ಜನ ಅಕ್ಷರವೇ ಇತ್ತು. ಅದನ್ನು ಹೊಡೆದು ಆಚೆಮನೆಯವರದ್ದು ಬರೆದೆ.