ಕತ್ತಿವರಸೆಯ ಅಭ್ಯಾಸಕ್ಕೆ ಚಿಕ್ಕ ಗುರಾಣಿ: ಆರಿಸುವುದು, ಮಾಡುವುದು

ಚಿಕ್ಕ ಗುರಾಣಿಯಲ್ಲಿ ಮೊದಲು ನೋಡಬೇಕಾದ್ದು ನಡುವಿನ ಗುಬ್ಬಟೆಯೊಳಗೆ (ಮುಷ್ಟಿಯನ್ನು ಮುಚ್ಚುವ, ಹೊರಕ್ಕೆ ಉಬ್ಬಿದ ಲೋಹದ ಬಟ್ಟಲು) ಮುಷ್ಟಿಗೆ ಇರುವ ಜಾಗ. ಕೈಗವಸು ತೊಟ್ಟು ಹಿಡಿಯನ್ನು ಬಿಗಿಯಾಗಿ ಹಿಡಿಯಿರಿ. ಬೆರಳ ಗೆಣ್ಣಿಗೂ ಲೋಹಕ್ಕೂ ನಡುವೆ ಕನಿಷ್ಠ 1 ಸೆಂ.ಮೀ. ಬಿಡುವಿರಬೇಕು, ಇಲ್ಲದಿದ್ದರೆ ಗುಬ್ಬಟೆಗೆ ಬಿದ್ದ ಏಟು ಬೆರಳಿಗೇ ತಾಗುತ್ತದೆ. ಬರಿಗೈಯಲ್ಲಿ ಅಳತೆ ನೋಡಿದವರು ಎಡವುವುದು ಇಲ್ಲೇ.

ಅಗಲ 30 ಸೆಂ.ಮೀ., ತೂಕ 1 ಕೆ.ಜಿ. ಆಸುಪಾಸು ಇದ್ದರೆ ಹೆಚ್ಚಿನವರಿಗೆ ಸರಿಹೊಂದುತ್ತದೆ. ಈ ಗುರಾಣಿಯನ್ನು ತೋಳು ಚಾಚಿ ಹಿಡಿಯುವುದರಿಂದ ಭಾರ ಹೆಚ್ಚಾದಷ್ಟೂ ಕೈ ಬೇಗ ಇಳಿಯುತ್ತದೆ. ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್ ವಸ್ತುಸಂಗ್ರಹಾಲಯದಲ್ಲಿರುವ, ಕತ್ತಿ-ಗುರಾಣಿ ವರಸೆ ಕಲಿಸುವ 14ನೇ ಶತಮಾನದ ಆರಂಭದ ಐ.33 ಹಸ್ತಪ್ರತಿಯ ವರಸೆಗಳಲ್ಲಿ ಗುರಾಣಿ ಕತ್ತಿ ಹಿಡಿದ ಕೈಯನ್ನು ಕಾಯುತ್ತಾ ಅದರ ಜೊತೆಗೇ ಸಾಗುತ್ತದೆ. ಅಂಥ ವರಸೆಗೆ 40 ಸೆಂ.ಮೀ. ಗುರಾಣಿ ಅಡ್ಡಿಯೇ.

ಕೊಳ್ಳುವುದಾದರೆ 1.5 ಮಿ.ಮೀ. ದಪ್ಪದ ಉಕ್ಕಿನದು ಒಳ್ಳೆಯದು. ಅಂಚನ್ನು ಮಡಿಚಿರಬೇಕು. ಉಕ್ಕಿನ ಕತ್ತಿ ಬಳಸುವವರು ಅಲ್ಯೂಮಿನಿಯಂ ಬಿಟ್ಟುಬಿಡಿ: ಬೇಗ ಕಚ್ಚು ಬಿದ್ದು, ಎದ್ದ ಚೂಪು ಎದುರಾಳಿಯ ಕೈ ಗೀರುತ್ತದೆ.

ಮಾಡುವುದಾದರೆ 12 ಮಿ.ಮೀ. ಪ್ಲೈವುಡ್‌ನಲ್ಲಿ 30 ಸೆಂ.ಮೀ. ವೃತ್ತ ಕತ್ತರಿಸಿ, ನಡುವೆ 11 ಸೆಂ.ಮೀ. ತೂತು ತೆಗೆಯಿರಿ. ದಪ್ಪ ಕೈಗವಸಾದರೆ ತೂತು 12 ಸೆಂ.ಮೀ. ಇರಲಿ. ತೂತನ್ನು ಮುಚ್ಚುವ ಗುಬ್ಬಟೆಗೆ ಸುತ್ತ 2 ಸೆಂ.ಮೀ. ಚಪ್ಪಟೆ ಅಂಚು ಬೇಕು. ಆ ಅಂಚಿನಲ್ಲಿ ಸಮ ದೂರದಲ್ಲಿ ಆರು ತೂತು ಕೊರೆದು, 5 ಮಿ.ಮೀ. ಬೋಲ್ಟ್ ಹಾಕಿ. ಮೊಳೆ, ಸ್ಕ್ರೂ ಬೇಡ, ಏಟಿನ ಅದುರಿಗೆ ಸಡಿಲವಾಗಿ ಹೊರಬರುತ್ತವೆ.

ಹಿಡಿಗೆ ಎಳೆ ಉದ್ದಕ್ಕೆ ಸಾಗಿರುವ ಗಟ್ಟಿ ಮರವೇ ಬೇಕು. ಉದ್ದ 19 ಸೆಂ.ಮೀ., ಹಿಡಿಯುವಲ್ಲಿ ಮೊಟ್ಟೆಯಾಕಾರ, ಸುಮಾರು 30×25 ಮಿ.ಮೀ. ಪೂರ್ತಿ ದುಂಡಗಿದ್ದರೆ ಗುರಾಣಿ ಎತ್ತ ವಾಲಿದೆಯೆಂದು ಕೈಗೆ ಗೊತ್ತಾಗುವುದಿಲ್ಲ. ಎದುರುಬದುರಿನ ಎರಡು ಬೋಲ್ಟ್‌ಗಳನ್ನು ಉದ್ದದ್ದು ಹಾಕಿ ಹಿಡಿಯ ತುದಿಗಳ ಮೂಲಕವೂ ತೂರಿಸಿ. ಬೋಲ್ಟ್ ಹಿಡಿಯ ತುದಿಗೆ 2 ಸೆಂ.ಮೀ.ಗಿಂತ ಹತ್ತಿರವಾದರೆ ಮರ ಸೀಳುತ್ತದೆ. ಬೋಲ್ಟಿನ ದುಂಡು ತಲೆ ಹೊರಗೆ, ವಾಷರ್ ಮತ್ತು ನೈಲಾನ್ ಲಾಕ್ ನಟ್ ಒಳಗೆ. ಉಳಿದ ತುದಿಯನ್ನು ಕತ್ತರಿಸಿ ಅರದಿಂದ ಉಜ್ಜಿ.

ಅಂಚನ್ನು ಮುಚ್ಚದೆ ಹಾಗೇ ಬಿಟ್ಟರೆ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹದ ಮಾಡದ ಚರ್ಮದ 6 ಸೆಂ.ಮೀ. ಅಗಲದ ಪಟ್ಟಿಯನ್ನು ರಾತ್ರಿಯಿಡೀ ನೆನೆಸಿ, ಅಂಚಿಗೆ ಮಡಿಚಿ, ಮೇಣದ ದಾರದಲ್ಲಿ ಹೊಲಿಯಿರಿ. ಒಣಗುವಾಗ ಕುಗ್ಗಿ ತಾನೇ ಬಿಗಿಯುತ್ತದೆ. ಹೊಲಿಗೆಯ ತೂತುಗಳನ್ನು ಮೊದಲೇ ಕೊರೆದು ಮರಕ್ಕೆ ಬಣ್ಣ ಬಳಿದಿರಬೇಕು, ಇಲ್ಲದಿದ್ದರೆ ಚರ್ಮದ ನೀರು ಕುಡಿದು ಮರ ಉಬ್ಬುತ್ತದೆ. ಉದ್ದಕ್ಕೆ ಸೀಳಿದ ರಬ್ಬರ್ ಪೈಪೂ ಆದೀತು, ಆದರೆ ಅದನ್ನು ಆಗಾಗ ಬದಲಿಸಬೇಕು.

ಪ್ರತಿ ಅಭ್ಯಾಸಕ್ಕೆ ಮೊದಲು ನಟ್‌ಗಳನ್ನು ಬಿಗಿ ಮಾಡಿ, ಅಂಚಿನ ಮೇಲೆ ಹಳೇ ಬಟ್ಟೆ ಎಳೆಯಿರಿ. ಬಟ್ಟೆ ಸಿಕ್ಕಿಕೊಂಡ ಕಡೆ ಅರ ಹಾಕಿದ ಮೇಲೆಯೇ ಆಟಕ್ಕಿಳಿಯಿರಿ.