ಚಿಕ್ಕ ವೇದಿಕೆಗೆ ನಾನು ಮಾನಿಟರ್ ಆರಿಸಿದ ಬಗೆ

ಹಾಡುವವರಿಗೆ ತಮ್ಮ ದನಿ ಕೇಳಿಸದಿದ್ದರೆ ಗಂಟಲು ಹರಿದುಕೊಂಡು ಹಾಡುತ್ತಾರೆ, ಶ್ರುತಿ ಜಾರುತ್ತದೆ. ಅವರ ದನಿಯನ್ನು ಅವರಿಗೇ ಕೇಳಿಸಲು ವೇದಿಕೆಯ ನೆಲದ ಮೇಲೆ ಅವರತ್ತ ತಿರುಗಿಸಿ ಇಡುವ ಸ್ಪೀಕರ್ ಡಬ್ಬವೇ ಮಾನಿಟರ್. ಚಿಕ್ಕ ವೇದಿಕೆಯಲ್ಲಿ ಈ ಕಷ್ಟ ಜಾಸ್ತಿ. ಮೈಕು, ಮಾನಿಟರು, ಡ್ರಮ್ಸು ಎಲ್ಲ ಒತ್ತಿಕೊಂಡೇ ಇರುತ್ತವೆ. ಹಾಗಾಗಿ ಮಾನಿಟರ್ ಹುಡುಕುವಾಗ ನಾನು ನೋಡಿದ್ದು ಒಂದೇ: ಫೀಡ್‌ಬ್ಯಾಕ್ (ಸ್ಪೀಕರ್ ಸದ್ದು ಮತ್ತೆ ಮೈಕಿಗೆ ಸೇರಿ ಕಿರುಚುವುದು) ಶುರುವಾಗುವ ಮೊದಲು ಇದನ್ನು ಎಷ್ಟು ಏರಿಸಬಹುದು?

ವ್ಯಾಟ್ ಲೆಕ್ಕಕ್ಕೆ ನಾನು ಹೆಚ್ಚು ತಲೆ ಕೊಡಲಿಲ್ಲ. ವ್ಯಾಟ್ ಎರಡರಷ್ಟಾದರೂ ಸಿಗುವುದು 3 ಡೆಸಿಬೆಲ್ ಮಾತ್ರ. ನೆಲದ ಮೇಲಿನ ಡಬ್ಬವನ್ನು 2 ಮೀಟರಿನಿಂದ 1 ಮೀಟರಿಗೆ ತಂದರೆ ನಿಂತವರ ಕಿವಿಗೆ ಹೆಚ್ಚುಕಡಿಮೆ ಅಷ್ಟೇ ಸುಮ್ನೆ ಸಿಗುತ್ತದೆ. ಆದರೆ ಹತ್ತಿರ ತಂದಾಗ ಅದರ ಓರೆ ಸಾಲುವುದಿಲ್ಲ. ನಿಂತವರ ಕಿವಿಗೆ ಗುರಿಯಿಡಲು 2 ಮೀಟರ್ ದೂರದಲ್ಲಿ 35 ಡಿಗ್ರಿ ಆಸುಪಾಸು ಸಾಕು, 1 ಮೀಟರಿನಲ್ಲಿ 50 ದಾಟಬೇಕು. ಓರೆ ಕಡಿಮೆಯಿದ್ದರೆ ಸದ್ದೆಲ್ಲ ಮೊಣಕಾಲಿಗೆ ಹೋಗುತ್ತದೆ. ಎರಡು ಓರೆಯಲ್ಲಿ ಕೂರಿಸಬಹುದಾದ ಡಬ್ಬಗಳನ್ನೇ ನಾನು ಮೊದಲು ಪಕ್ಕಕ್ಕೆ ತೆಗೆದಿಟ್ಟೆ.

ನಿಜವಾದ ವ್ಯತ್ಯಾಸ ಕಂಡಿದ್ದು ಹಾರ್ನ್‌ನಲ್ಲಿ, ಅಂದರೆ ಮೇಲಿನ ಸ್ವರಗಳನ್ನು ಹೊರಡಿಸುವ ಕಹಳೆಯಂಥ ಭಾಗದಲ್ಲಿ. ಸ್ಟ್ಯಾಂಡ್ ಮೇಲೆ ನಿಲ್ಲಿಸಲು ಮಾಡಿದ ಎಷ್ಟೋ ಸ್ಪೀಕರುಗಳಲ್ಲಿ ಸದ್ದು ಅಡ್ಡಕ್ಕೆ 90, ಮೇಲೆ ಕೆಳಗೆ 60 ಡಿಗ್ರಿ ಹರಡುತ್ತದೆ. ಅದನ್ನೇ ನೆಲದ ಮೇಲೆ ಮಲಗಿಸಿದರೆ ಲೆಕ್ಕ ತಿರುಗುಮುರುಗು. ಜೊತೆಗೆ ವೂಫರ್ (ಕೆಳಗಿನ ಸ್ವರಗಳ ಸ್ಪೀಕರ್) ಒಂದು ಪಕ್ಕ, ಹಾರ್ನ್ ಇನ್ನೊಂದು ಪಕ್ಕ ಬರುತ್ತವೆ. ಹಾಡುವವರು ಒಂದು ಹೆಜ್ಜೆ ಸರಿದರೆ ಎರಡರ ಸದ್ದು ಕಿವಿಗೆ ಮುಟ್ಟುವ ಸಮಯ ಹೊಂದುವುದಿಲ್ಲ, ದನಿ ಟೊಳ್ಳಾಗುತ್ತದೆ. ಕೋಆಕ್ಸಿಯಲ್ ಅನ್ನುವ ಬಗೆಯಲ್ಲಿ ವೂಫರಿನ ನಡುವಿನಿಂದಲೇ ಹಾರ್ನ್ ಸದ್ದು ಬರುವುದರಿಂದ ಈ ತಾಪತ್ರಯ ಇಲ್ಲ. ಎರಡು ಬಗೆಯನ್ನೂ ಪಕ್ಕಪಕ್ಕ ಇಟ್ಟು, ಮೈಕಿನಲ್ಲಿ ಮಾತಾಡುತ್ತಾ ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಹಾಕಿ ನೋಡಿದೆ. ಮಲಗಿಸಿದ ಸ್ಪೀಕರಿನಲ್ಲಿ ‘ಸ’, ‘ಶ’ ಮಂಕಾಗಿ ಮತ್ತೆ ಮರಳುತ್ತಿದ್ದವು. ಕೋಆಕ್ಸಿಯಲ್‌ನಲ್ಲಿ ಹಾಗೆಯೇ ಉಳಿದವು. ನಾನು ಕೋಆಕ್ಸಿಯಲ್ ಕಡೆ ವಾಲಿದ್ದು ಆಗಲೇ.

ಆಮೇಲೆ ಫೀಡ್‌ಬ್ಯಾಕ್ ಪರೀಕ್ಷೆ. ಇದಕ್ಕೆ ವೇದಿಕೆಯಲ್ಲಿ ಬಳಸುವ ಮೈಕನ್ನೇ ತೆಗೆದುಕೊಂಡು ಹೋಗಬೇಕು. ಈಕ್ಯೂ (ಬೇರೆಬೇರೆ ಸ್ವರಗಳನ್ನು ಏರಿಸಿ ಇಳಿಸುವ ಗುಂಡಿಗಳು) ಎಲ್ಲ ಸಪಾಟಾಗಿಟ್ಟು ಸ್ವಲ್ಪ ಸ್ವಲ್ಪವೇ ಏರಿಸಿದೆ. ಕೆಲವು ಡಬ್ಬಗಳು ಬೇಗನೆ ಒಂದೇ ಸ್ವರದಲ್ಲಿ ಕಿರುಚಿದವು. ಅಂದರೆ ಆ ಸ್ವರದಲ್ಲಿ ಡಬ್ಬದ ಸದ್ದಿಗೆ ಒಂದು ಉಬ್ಬು ಇದೆ ಅಂತ. ಒಳ್ಳೆಯವು ತುಂಬಾ ಮೇಲಕ್ಕೆ ಹೋದ ಮೇಲೆ ಬೇರೆಬೇರೆ ಸ್ವರಗಳಲ್ಲಿ ಒಟ್ಟಿಗೇ ಗುಂಯ್ ಅನ್ನಲು ಶುರು ಮಾಡಿದವು. ಇಂಥವಕ್ಕೆ ಈಕ್ಯೂನಲ್ಲಿ ಕತ್ತರಿ ಹಾಕುವ ಕೆಲಸ ಕಡಿಮೆ, ದನಿಯೂ ದನಿಯಂತೆ ಉಳಿಯುತ್ತದೆ.

ಮೈಕು ಯಾವುದು ಅನ್ನುವುದರ ಮೇಲೆ ಡಬ್ಬದ ಜಾಗ ನಿಲ್ಲುತ್ತದೆ. ಮೈಕಿಗೆ ಕಡಿಮೆ ಕೇಳುವ ಕಡೆ ಡಬ್ಬ ಇಟ್ಟರೆ ಫೀಡ್‌ಬ್ಯಾಕ್ ತಡವಾಗುತ್ತದೆ. ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಿಗೆ ನೇರ ಬೆನ್ನ ಹಿಂದೆ ಕಡಿಮೆ ಕೇಳುತ್ತದೆ. ಸೂಪರ್ ಕಾರ್ಡಿಯಾಯ್ಡ್‌ಗೆ ಅದರ ಮುಖದಿಂದ ಸುಮಾರು 126 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡೂ ಓರೆಗಳಲ್ಲಿ. ನಮ್ಮಲ್ಲಿ ಎರಡನೆಯ ಬಗೆ ಜಾಸ್ತಿ. ಹಾಗಾಗಿ ನಡುವೆ ಒಂದು ದೊಡ್ಡದು ಇಡುವ ಬದಲು ಎರಡೂ ಓರೆಗೆ ಚಿಕ್ಕದೊಂದು ಇಡುವುದೇ ವಾಸಿ ಅನ್ನಿಸಿತು. ನೋಡುವವರ ಕಣ್ಣಿಗೂ ಅಡ್ಡ ಬರುವುದಿಲ್ಲ.

ಹಾಡಿಗೆ 8 ಇಂಚಿನ ವೂಫರ್ ಸಾಕಾಯಿತು. ‘ಬಾಸ್ ಕಡಿಮೆ ಅಲ್ವಾ?’ ಅಂತ ಕೇಳುತ್ತಾರೆ. ಬಾಸ್ ಮುಖ್ಯ ಸ್ಪೀಕರುಗಳಿಂದ ವೇದಿಕೆಗೆ ಹೇಗೂ ಸುತ್ತಿ ಬರುತ್ತದೆ, ನೆಲವೂ ಅದನ್ನು ಉಬ್ಬಿಸುತ್ತದೆ. ಮಾನಿಟರಿನಲ್ಲಿ ನಾನು 120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿಯೇ ಬಿಡುತ್ತೇನೆ. ಕೀಬೋರ್ಡಿಗೂ ಬಾಸ್ ಗಿಟಾರಿಗೂ ಮಾತ್ರ 12 ಇಂಚಿನದೇ ಬೇಕು, ಅಲ್ಲಿ ಚಿಕ್ಕದು ಸೋಲುತ್ತದೆ.

ಆಂಪ್ಲಿಫೈಯರ್ ಒಳಗೇ ಇರುವುದನ್ನು ತಂದೆ. ಪ್ರತಿ ಡಬ್ಬಕ್ಕೂ ಕರೆಂಟ್ ವೈರ್ ಎಳೆಯಬೇಕು, ಕಿರಿಕಿರಿಯೇ. ಆದರೂ ಡ್ರೈವರ್ (ಸದ್ದು ಹೊರಡಿಸುವ ಭಾಗ) ಸುಡದಂತೆ ಕಾಯುವ ಲಿಮಿಟರ್ ಒಳಗೇ ಇರುತ್ತದೆ. ಕೊಳ್ಳುವ ಮುಂಚೆ ಫ್ಯಾನ್ ಸದ್ದು ಕೇಳಿ ನೋಡಿ. ಮೆಲ್ಲಗೆ ಹಾಡುವಾಗ ಅದೂ ಮೈಕಿಗೆ ಸೇರುತ್ತದೆ. ಹಿಂದಿನ ವಾಲ್ಯೂಮ್ ಗುಂಡಿಗೆ, ಮಟ್ಟ ಹೊಂದಿಸಿದ ಮೇಲೆ, ನಾನು ಟೇಪ್ ಅಂಟಿಸುತ್ತೇನೆ. ಕಾಲು ತಾಗಿ ತಿರುಗಿಬಿಟ್ಟರೆ ಹಾಡಿನ ನಡುವೆ ಅದನ್ನು ಹುಡುಕುವುದು ಕಷ್ಟ.